ಬಾಗಿಲಲ್ಲಿ ಬಿಟ್ಟ ಚಿಪ್ಪು

ಕಡಲ ದಡದಲ್ಲಿ ಎಂಟುನೂರು ವರ್ಷ ಹಳೆಯದಾದ ದೊಡ್ಡ ಚರ್ಚೊಂದಿತ್ತು. ಅದನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಒಂದು ಏಡಿ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟಿತು. ಯಾರೋ ಬಿಟ್ಟುಹೋದ ಶಂಖದ ಚಿಪ್ಪನ್ನೇ ಮನೆಯೆಂದು ಬೆನ್ನ ಮೇಲೆ ಹೊತ್ತು ತಿರುಗುವ ಜಾತಿಯ ಏಡಿ ಅದು. ಚಿಪ್ಪಿಲ್ಲದಿದ್ದರೆ ಅದರ ಬೆನ್ನು ಬೆಣ್ಣೆಯಷ್ಟು ಮೆತ್ತಗೆ.

ಮೆಟ್ಟಿಲು ಹತ್ತಿದ್ದೇ ತಡ, ಅಪ್ಪ ಏಡಿ ಗದರಿತು: "ದೇವರ ಮನೆ ಕಣೇ ಇದು! ಹೊರಗಿನದು ಹೊರಗೇ ಇರಲಿ. ಚಿಪ್ಪು ಕಳಚಿ ಬಾಗಿಲಲ್ಲಿಡಿ."

"ರೀ, ಬೆನ್ನು ಬತ್ತಲಾಗುತ್ತಲ್ಲ?" ಎಂದಿತು ಹೆಂಡತಿ.

"ದೇವರೆದುರು ಎಂಥ ಭಯ?"

ಮೂರೂ ಚಿಪ್ಪುಗಳನ್ನು ಸಾಲಾಗಿಟ್ಟು ಒಳಗೆ ಹೋದವು. ಬಣ್ಣದ ಗಾಜು, ಮುಗಿಲೆತ್ತರದ ಕಂಬಗಳನ್ನು ನೋಡಿ ಅಪ್ಪ ಏಡಿಯ ಕಣ್ಣು ತುಂಬಿ ಬಂತು. ಹೊರಗೆ ಬಂದಾಗ ಮೆಟ್ಟಿಲ ಮೇಲೆ ಏನೂ ಇರಲಿಲ್ಲ.

"ನಮ್ಮ ಚಿಪ್ಪುಗಳೆಲ್ಲಿ?" ಎಂದು ಅದು ಬಾಗಿಲನ್ನು ಕೇಳಿತು.

"ಚರ್ಚು ನೋಡಲು ಬಂದ ಸಂಸಾರವೊಂದು ನೆನಪಿಗಿರಲಿ ಎಂದು ಎತ್ತಿಕೊಂಡು ಹೋಯಿತು," ಎಂದಿತು ಬಾಗಿಲು. "ಅಲ್ಲಯ್ಯಾ, ಕಳಚಿದ್ದೇಕೆ? ಇಲ್ಲಿ ಬೂಟು ಬಿಚ್ಚುವ ಪದ್ಧತಿಯೂ ಇಲ್ಲವಲ್ಲ!"

ಗೋಪುರದ ಮೇಲಿದ್ದ ಹಸಿದ ಕಡಲಹಕ್ಕಿಗಳು ಕತ್ತು ಚಾಚಿ ನೋಡಿದವು. ಅಪ್ಪ ಏಡಿ ಮಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು, "ಒಳಗೇ ಇದ್ದುಬಿಡೋಣ. ಎಷ್ಟೊಂದು ಜಾಗವಿದೆ!" ಎಂದಿತು.

ಮಗಳು ಒಳಗಿನ ಆ ಎತ್ತರವನ್ನು ಇನ್ನೊಮ್ಮೆ ನೋಡಿತು.

"ಜಾಗ ಇದೆ ಅಪ್ಪಾ. ಬೆನ್ನಿಗೆ ತಾಗುವ ಗೋಡೆ ಎಲ್ಲಿದೆ?"

ಮೊದಲ ಕಡಲಹಕ್ಕಿ ಆಗಲೇ ಮೆಟ್ಟಿಲ ಮೇಲೆ ಇಳಿದಿತ್ತು.