ಹೂವಾಡಗಿತ್ತಿಯ ಅನುಮಾನ

"ಗುರುಗಳೇ, ಗುರುತಿಲ್ಲದವರನ್ನು ಕಂಡರೆ ಅನುಮಾನ ಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ. "ಪಡದಿದ್ದರೆ ಪೆದ್ದ ಅನ್ನುತ್ತಾರೆ, ಪಟ್ಟರೆ ಪಾಪ ಅನ್ನುತ್ತಾರೆ. ಯಾವುದನ್ನು ಹಿಡಿಯಲಿ?"

"ಸದ್ಯಕ್ಕೆ ಎರಡನ್ನೂ ಹಿಡಿದುಕೊಂಡು ಕೂತುಕೋ, ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದು ಪೇಟೆಯ ಬೀದಿಯಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಇದ್ದವಳು ಒಬ್ಬಳೇ ಮಗಳು. ಹರಕೆ ಹೊತ್ತು, ಉಪವಾಸ ಮಾಡಿ, ಕಂಡಕಂಡ ಕಲ್ಲಿಗೆ ಕೈಮುಗಿದು ಪಡೆದ ಕೂಸು. ತಾಯಿ ಬಾಗಿಲಲ್ಲಿ ಕೂತು ಮಾಲೆ ಕಟ್ಟುವಳು. ಮಗಳು ಎದುರಿನ ಬಯಲಲ್ಲಿ ಓರಗೆಯವರ ಜೊತೆ ಕುಂಟೆಬಿಲ್ಲೆ ಆಡುವಳು. ಕೈ ಹೂವಿನ ಮೇಲಿದ್ದರೂ ತಾಯಿಯ ಕಿವಿ ಮಗಳ ಮೇಲೆಯೇ. ಆಗ ಸುತ್ತಮುತ್ತಲ ಊರುಗಳಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುದ್ದಿ ಬೇರೆ ಹಬ್ಬಿತ್ತು.

ಹೀಗಿರುವಾಗ ಒಬ್ಬ ಗಂಡಸು ಬಂದು ಬಯಲಿನ ಅರಳಿಕಟ್ಟೆಯ ಮೇಲೆ ಕೂತ. ಮಾರನೆಯ ದಿನವೂ ಬಂದ. ಯಾರಿಗೂ ಕಾಯುವವನಲ್ಲ, ಏನನ್ನೂ ಮಾರುವವನಲ್ಲ. ತೊಡೆಯ ಮೇಲೆ ಬಿಡಿಸಿದ ಪತ್ರಿಕೆ, ಹೆಗಲಲ್ಲಿ ಚೀಲ. ಕಣ್ಣು ಮಾತ್ರ ಮಕ್ಕಳ ಮೇಲೆ.

ಅವನು ಯಾರೆಂದು ನಿನಗೆ ಹೇಳಿಬಿಡುತ್ತೇನೆ. ಪಾಪ, ಅವಳಿಗೆ ಗೊತ್ತಿರಲಿಲ್ಲ. ಮಕ್ಕಳಿಗಾಗಿ ಕತೆ ಬರೆದು, ಆ ಕತೆಗೆ ಚಿತ್ರವನ್ನೂ ತಾನೇ ಬರೆಯುವವನು ಅವನು. ಮೊದಲ ಪುಸ್ತಕ ಅಚ್ಚಾದಾಗ ಒಂದು ಮಗು ಅದನ್ನು ತಿರುವಿ ಹಾಕಿ, "ಈ ಮಕ್ಕಳು ಆಡ್ತಾ ಇಲ್ಲ ಮಾಮ, ಸುಮ್ನೆ ನಿಂತಿದಾವೆ" ಎಂದಿತ್ತು. ಆ ಮಾತು ನಾಟಿತು. ಅಂದಿನಿಂದ ಪ್ರತಿ ಪುಸ್ತಕಕ್ಕೂ ಒಂದು ಹೊಸ ಬೀದಿ ಹುಡುಕಿ, ಮಕ್ಕಳು ಆಡುವಲ್ಲಿ ಕೂತು, ಪತ್ರಿಕೆಯ ಮರೆಯಲ್ಲಿ ಹಾಳೆ ಇಟ್ಟುಕೊಂಡು ಅವರ ಚಿತ್ರ ಬರೆಯುತ್ತಿದ್ದ. ಗೊತ್ತಾದರೆ ಮಕ್ಕಳು ಫೋಟೋಗೆ ನಿಂತಂತೆ ಕೈಕಟ್ಟಿ ನಿಂತುಬಿಡುತ್ತವೆ. ಅದಕ್ಕೇ ಈ ಮುಚ್ಚುಮರೆ. ಹೀಗೆ ಬರೆದೇ ಹೆಸರು ಮಾಡಿದ್ದ. ಮಕ್ಕಳ ಕಣ್ಣು ತಪ್ಪಿಸುವುದು ಚೆನ್ನಾಗಿ ಬರುತ್ತಿತ್ತು. ತಾಯಂದಿರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂದು ಮಾತ್ರ ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

ಹೂವಾಡಗಿತ್ತಿ ಕಟ್ಟುತ್ತಿದ್ದ ಮಾಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮಗಳನ್ನು ಒಳಗೆ ಕರೆದಳು.

"ಆ ಕಟ್ಟೆ ಮೇಲಿನವನು ನಿಂಗೇನಾದ್ರೂ ಕೊಟ್ನೇನೇ?"

"ಇಲ್ಲಮ್ಮ. ನಾವು ಬಿದ್ರೆ ನಗ್ತಾನೆ, ಅಷ್ಟೇ."

ನಗುತ್ತಾನೆ! ಅವಳಿಗೆ ಅಷ್ಟೇ ಸಾಕಾಯಿತು. ಹಿಟ್ಟಿನ ಗಿರಣಿಯವನ ಬಳಿ ಹೋಗಿ, "ಅಣ್ಣಾ, ಅವನ ನಗು ನೋಡಿದ್ಯಾ? ನಂಗ್ಯಾಕೋ ಸರಿ ಕಾಣ್ತಿಲ್ಲ" ಎಂದಳು. ಗಿರಣಿಯವನು ಟೀ ಅಂಗಡಿಯಲ್ಲಿ ಹೇಳಿದ. ಅಲ್ಲಿ ನಗುವಿನ ಜೊತೆಗೆ ಪೆಪ್ಪರ್‌ಮೆಂಟು ಸೇರಿತು. ಕ್ಷೌರದ ಅಂಗಡಿಗೆ ಬರುವಷ್ಟರಲ್ಲಿ ಪೆಪ್ಪರ್‌ಮೆಂಟಿಗೆ ಮತ್ತಿನ ಪುಡಿ ಬೆರೆತಿತ್ತು. ಕಡ್ಡಿ ಗುಡ್ಡವಾಗುವುದಕ್ಕೆ ಎಷ್ಟು ಹೊತ್ತು ಬೇಕು? ಹೂ ಕೊಳ್ಳಲು ಬಂದವಳೊಬ್ಬಳು ಅದನ್ನೆಲ್ಲ ತಂದು ಹೂವಾಡಗಿತ್ತಿಗೇ ಹೇಳಿದಳು. ತಾನು ಬಿಟ್ಟ ಮಾತೇ ಮೈತುಂಬಿಕೊಂಡು ತಿರುಗಿ ಬಂದಿದೆಯೆಂದು ಅವಳಿಗೆ ಗುರುತು ಸಿಗಲಿಲ್ಲ. "ನೋಡು, ನಾನೊಬ್ಬಳೇ ಅಲ್ಲ, ಊರೇ ಹೇಳ್ತಿದೆ" ಅಂದುಕೊಂಡಳು. ಮನಸ್ಸಿನಲ್ಲಿ ಇದ್ದ ಚೂರು ಅಳುಕೂ ಹೋಯಿತು.

ಮರುದಿನ ಅವನು ಬಂದು ಕೂತದ್ದೇ ತಡ, ಜನ ಸುತ್ತುಗಟ್ಟಿದರು. ಚೀಲ ಕಿತ್ತು ನೆಲಕ್ಕೆ ಸುರಿದರು. ಹಾಳೆಗಳು ಚೆಲ್ಲಾಡಿದವು. ಒಂದೊಂದು ಹಾಳೆಯಲ್ಲೂ ಆ ಬೀದಿಯ ಮಕ್ಕಳು.

"ಅಯ್ಯಯ್ಯೋ, ಗುರುತು ಬರ್ಕೊಂಡಿದಾನೆ! ಯಾರ್ಯಾರನ್ನ ಎತ್ಕೊಂಡು ಹೋಗ್ಬೇಕು ಅಂತ ಗುರುತು ಬರ್ಕೊಂಡಿದಾನೆ!" ಹಾಗೆ ಕೂಗಿದವಳು ಹೂವಾಡಗಿತ್ತಿಯೇ.

"ಪುಸ್ತಕಕ್ಕೆ, ತಾಯೀ... ಮಕ್ಕಳ ಪುಸ್ತಕಕ್ಕೆ..." ಎಂದ ಅವನು. ಏಟಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ವಿಚಿತ್ರ ನೋಡು, ಅವನನ್ನು ಉಳಿಸಬೇಕಾದ ಚಿತ್ರಗಳೇ ಅವನ ಮೇಲೆ ಸಾಕ್ಷಿ ಹೇಳಿದವು.

ಪೊಲೀಸರು ಬಂದು ಎತ್ತಿಕೊಂಡು ಹೋದದ್ದರಿಂದ ಜೀವ ಉಳಿಯಿತು. ಸಂಜೆಯ ಹೊತ್ತಿಗೆ ಅವನಾರೆಂಬುದು ಬೀದಿಗೆಲ್ಲ ತಿಳಿಯಿತು. ಆಗ ನೋಡಿದರೆ ಹೊಡೆದವರೇ ಇಲ್ಲ! ಎಲ್ಲರೂ ದೂರ ನಿಂತು ನೋಡಿದವರೇ. ಅವನೂ ಯಾರ ಮೇಲೂ ದೂರು ಕೊಡಲಿಲ್ಲ. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಸ್ಸು ಹತ್ತಿ ಹೋದ.

ಹೂವಾಡಗಿತ್ತಿ ಬಯಲಿಗೆ ಹೋಗಿ ಹಾಳೆಗಳನ್ನು ಹೆಕ್ಕಿದಳು. ಒಂದರಲ್ಲಿ ಅವಳ ಮಗಳಿದ್ದಳು. ಒಂಟಿಕಾಲಲ್ಲಿ ನಿಂತು, ನಾಲಿಗೆ ಕಚ್ಚಿಕೊಂಡು, ಇನ್ನೇನು ಹಾರಬೇಕು. ಆ ಮುಖದ ಮೇಲೆ ಯಾರದೋ ಚಪ್ಪಲಿಯ ಅಚ್ಚು ಬಿದ್ದಿತ್ತು. ಅವಳು ಅಲ್ಲಿಯೇ ಕುಸಿದು ಕೂತು ಅತ್ತಳು.

ಅವನ ಕೈ ವಾಸಿಯಾಯಿತು. ಮತ್ತೆ ಪುಸ್ತಕ ಬರೆದ. ವರ್ಷ ಕಳೆದ ಹಾಗೆ ಹಾರ ಬಂದವು, ಶಾಲು ಬಂದವು, ತಲೆ ನೆರೆಯಿತು. ಆನೆಯನ್ನು ಬರೆದ, ಕಪ್ಪೆಯನ್ನು ಬರೆದ, ತೂತುಬಿದ್ದ ಕೊಡೆಯನ್ನೂ ಬರೆದ. ಮಗುವನ್ನು ಮಾತ್ರ ಮತ್ತೆಂದೂ ಬರೆಯಲಿಲ್ಲ. ಬೀದಿಯಲ್ಲಿ ಮಕ್ಕಳು ಎದುರಾದರೆ ಬೆವರುತ್ತಿದ್ದ; ತಲೆ ತಗ್ಗಿಸಿ ಆಚೆ ಬದಿಗೆ ದಾಟಿಬಿಡುತ್ತಿದ್ದ. ಬಲ್ಲವರು "ಇದು ಅವರ ಹೊಸ ಶೈಲಿ" ಎಂದು ಲೇಖನ ಬರೆದರು. ಬರೆಯಲಿ ಬಿಡು, ಅವರದೂ ಹೊಟ್ಟೆಪಾಡು.

ಹಾಗೆ ಬಂದ ಪುಸ್ತಕಗಳಲ್ಲಿ ಮೊದಲನೆಯದು ಹೂವಾಡಗಿತ್ತಿಯ ಮಗಳಿಗೆ ಶಾಲೆಯಲ್ಲಿ ಬಹುಮಾನವಾಗಿ ಸಿಕ್ಕಿತು. ಹುಡುಗಿ ಹೊಸ್ತಿಲ ಮೇಲೆ ಕೂತು ಕೊನೆಯ ಹಾಳೆಯವರೆಗೂ ತಿರುವಿದಳು.

"ಅಮ್ಮಾ, ಇದ್ರಲ್ಲಿ ಬರೀ ಆನೆ, ಕಪ್ಪೆ. ಮಕ್ಕಳು ಒಬ್ರೂ ಇಲ್ವಲ್ಲ. ಯಾಕಮ್ಮಾ, ಇವರಿಗೆ ಮಕ್ಕಳನ್ನ ಕಂಡ್ರೆ ಆಗಲ್ವಾ?"

ತಾಯಿ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಹೆತ್ತ ಕರುಳು ಅದು. ಅವನು ನಿಜವಾಗಿಯೂ ಕಳ್ಳನೇ ಆಗಿದ್ದರೆ? ಅನುಮಾನ ಬಂದ ಮೇಲೆ ಅವಳು ಸುಮ್ಮನೆ ಕೂರಬೇಕಿತ್ತೇ?"

"ಕೂರು ಅಂದವರು ಯಾರು? ಊರನ್ನೆಲ್ಲ ಎಬ್ಬಿಸಿದವಳು, 'ಯಾರಪ್ಪಾ ನೀನು?' ಎಂದು ಅವನೊಬ್ಬನನ್ನು ಮಾತ್ರ ಕೇಳಲಿಲ್ಲವಲ್ಲ."