ಹರಿಗೋಲಿನವರ ಗುರುತು

ತುಂಗಭದ್ರೆಯ ದಂಡೆಯಲ್ಲಿ ಈರಣ್ಣಾಚಾರಿ ಎಂಬ ಗುರುಗಳು ಮರದಲ್ಲಿ ಮುದ್ರೆ ಕೆತ್ತುತ್ತಿದ್ದರು. ಶಿಷ್ಯ ಮಾನಪ್ಪ ನಾಲ್ಕು ವರ್ಷದಿಂದ ಅವರ ಬಳಿ ಉಳಿ ಹಿಡಿದಿದ್ದ.

ಶಿಷ್ಯ ಒಬ್ಬನೇ ಕೆತ್ತಿದ ಮುದ್ರೆಯನ್ನು ಮಾಡಿಸಿದವರು ಒಪ್ಪಿಕೊಂಡರೆ ಅಂದಿನಿಂದ ಅವನು ಕಸುಬುದಾರ. ಗುರುಗಳ ಮನೆಯ ಕಟ್ಟಳೆ ಅದು. ಮಾನಪ್ಪ ಆ ದಿನಕ್ಕೆ ಕಾದಿದ್ದ. ಆ ಮುದ್ರೆಯಲ್ಲಿ ತನ್ನ ಹೆಸರನ್ನು ಯಾವ ಅಂದದಲ್ಲಿ ಕೆತ್ತಬೇಕೆಂಬುದನ್ನೂ ಆಗಲೇ ಯೋಚಿಸಿಟ್ಟಿದ್ದ.

ಆ ವರ್ಷ ದಂಡೆಯ ಮೇಲ್ಕೇರಿ, ಕೆಳಕೇರಿ ಎರಡರ ಹರಿಗೋಲಿನವರೂ ಸೇರಿ ಒಂದು ಸಂಘ ಕಟ್ಟಿದರು. ಹಳೆಯ ಹರಿಗೋಲು, ಹುಟ್ಟು, ಹಾಡು ಎಲ್ಲ ಉಳಿಯಬೇಕೆಂಬುದು ಅವರ ಆಸೆ. ಸಂಘದ ಫಲಕಕ್ಕೂ ಕಾಗದಕ್ಕೂ ಒಂದು ಗುರುತು ಬೇಕಿತ್ತು. ಗುರುಗಳು ಕೆಲಸವನ್ನು ಮಾನಪ್ಪನಿಗೆ ವಹಿಸಿದರು.

ಮಾನಪ್ಪ ಮೊದಲು, ಕೂತು ಹುಟ್ಟು ಹಾಕುವ ಅಂಬಿಗನನ್ನು ಬರೆದ. ಮೇಲ್ಕೇರಿಯವರು ಮುಖ ಸಿಂಡರಿಸಿದರು. ಅವರು ನಿಂತು ಹುಟ್ಟು ಹಾಕುವವರು, ಕೂರುವವರು ಕೆಳಕೇರಿಯವರು. ಅಂಬಿಗನನ್ನು ನಿಲ್ಲಿಸಿ ಬರೆದ. ಕೆಳಕೇರಿಯವರು ಎದ್ದು ಹೋದರು. ಒಬ್ಬನನ್ನು ನಿಲ್ಲಿಸಿ, ಒಬ್ಬನನ್ನು ಕೂರಿಸಿ, ಸಾಲದ್ದಕ್ಕೆ ಮೀನು, ಅಲೆ, ಸೂರ್ಯನನ್ನೂ ತುರುಕಿದ. ಮುಂದಿರುವವನು ಯಾವ ಕೇರಿಯವನೆಂದು ಜಗಳವೇ ಹತ್ತಿತು.

ಸೋಮವಾರದೊಳಗೆ ಗುರುತು ಆಗದಿದ್ದರೆ ಕೇರಿಗೊಂದು ಸಂಘ ಎಂದು ಹಿರಿಯರು ಹೇಳಿ ಕಳಿಸಿದರು. ಮಾನಪ್ಪನಿಗೆ ಅಳುವೇ ಬಂತು.

"ಇನ್ನೇನು ಬರೀಲಿ, ಗುರುಗಳೇ?"

"ಆ ದಡಕ್ಕ ಹೋಗಿ ಬಾ. ಇಳಿದ ಕೂಡ್ಲೆ ನಡದುಬಿಡಬ್ಯಾಡ."

ಅವನನ್ನು ದಾಟಿಸಿದವಳು ದ್ಯಾಮವ್ವ ಎಂಬ ಮುದುಕಿ. ಹುಟ್ಟಿದ್ದು ಮೇಲ್ಕೇರಿ, ಕೊಟ್ಟದ್ದು ಕೆಳಕೇರಿ. ಅರ್ಧ ಹೊಳೆ ನಿಂತು ಹುಟ್ಟು ಹಾಕಿದಳು, ಸೊಂಟ ನೋಯುತ್ತದೆಂದು ಉಳಿದರ್ಧ ಕೂತು ಹಾಕಿದಳು.

ಮಾನಪ್ಪ ಇಳಿದು ಅಲ್ಲೇ ನಿಂತ. ಅಲ್ಲಿದ್ದ ಅಂಬಿಗರು ಹರಿಗೋಲನ್ನು ಮರಳಿನ ಮೇಲಕ್ಕೆಳೆದರು. ಎರಡೂ ಕೇರಿಯವರಲ್ಲಿ ಒಬ್ಬೊಬ್ಬರು ಸೇರಿ ಎತ್ತಿ, ಒಣಗಲೆಂದು ಮಗುಚಿ ಹಾಕಿದರು. ಅದು ಕೂತಿದ್ದ ಕಡೆ ಒದ್ದೆ ಮರಳಿನಲ್ಲಿ ದುಂಡನೆಯ ಅಚ್ಚು ಉಳಿದಿತ್ತು, ಒಳಗೆ ಬಿದಿರ ಹೆಣಿಗೆಯ ಅಡ್ಡಗೆರೆಗಳು. ಸುತ್ತ ಅಂಥವೇ ಹತ್ತಾರಿದ್ದವು.

"ಯಾವುದು ಯಾವ ಕೇರೀದು, ಅವ್ವಾ?"

"ಅದ್ಯಾರಿಗೆ ಗೊತ್ತು, ತಮ್ಮಾ. ಎಲ್ಲಾ ನಮ್ಮವೇ," ಎಂದಳು ದ್ಯಾಮವ್ವ.

ಮಾನಪ್ಪ ಮರಳಿ ಬಂದು, ಕಂಡದ್ದನ್ನೆಲ್ಲ ಗುರುಗಳಿಗೆ ಹೇಳಿ, ಆ ಅಚ್ಚನ್ನೇ ಕೆತ್ತಿದ. ಒಂದು ದುಂಡು, ಒಳಗೆ ಅಡ್ಡಗೆರೆ, ಅಷ್ಟೇ.

ಸೋಮವಾರ ಮುದ್ರೆಗೆ ಮಸಿ ಹಚ್ಚಿ ಕಾಗದದ ಮೇಲೊತ್ತಿ ಹಿರಿಯರ ಮುಂದಿಟ್ಟ. ಮೇಲ್ಕೇರಿಯ ಹಿರಿಯ ಅದರ ಮೇಲೆ ಬೆರಳಾಡಿಸಿ, ಇದು ನಮ್ಮ ದಂಡೆ ಎಂದ. ಹೌದೆಂದ ಕೆಳಕೇರಿಯವನು, ಇಷ್ಟು ಸುಲಭದ್ದನ್ನು ಮೊದಲೇ ಯಾಕೆ ತರಲಿಲ್ಲವೆಂದು ಮಾನಪ್ಪನನ್ನೇ ಗದರಿದ. ಸಂಘ ಒಂದಾಗಿಯೇ ಉಳಿಯಿತು.

ಮಾನಪ್ಪನಿಗೆ ಕಾಲು ನೆಲಕ್ಕೆ ತಾಗದಷ್ಟು ಖುಷಿ. ಮನೆಗೆ ಬಂದವನೇ ಸಣ್ಣ ಉಳಿಯನ್ನು ಮಸೆದು, ಮುದ್ರೆಯನ್ನು ಗುರುಗಳ ಮುಂದೆ ಹಿಡಿದ.

"ನನ್ನ ಹೆಸರು ಎಲ್ಲಿ ಕೆತ್ತಲಿ, ಗುರುಗಳೇ?"

ಗುರುಗಳು ಮುದ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹರಿಗೋಲು ಎತ್ತಿದಾಗ, ಮರಳಿನಾಗ ದ್ಯಾಮವ್ವನ ಹೆಸರು ಎಲ್ಲಿತ್ತು?"