ಹಳದಿ ಬಾಟಲಿಯ ಬಲ

ಹತ್ತೂರಲ್ಲಿ ಯಾರೂ ಚಿತ್ ಮಾಡದ ನಮ್ಮೂರ ಪೈಲ್ವಾನ್ ಭರಮಣ್ಣನನ್ನು ವಾಂತಿಭೇದಿ ಒಂದೇ ದಿನಕ್ಕೆ ಮಲಗಿಸಿತು. "ಬರೀ ನೀರಿಂದು ಬೇಡ ಡಾಕ್ಟ್ರೇ, ಬಣ್ಣದ ಬಾಟ್ಲೀನೇ ಏರಿಸಿ" ಎಂದು ಅವನು ಹಟ ಹಿಡಿದ. ಡಾಕ್ಟರು ಗ್ಲೂಕೋಸಿಗೆ ವಿಟಮಿನ್ ಬೆರೆಸಿ ತೂಗುಹಾಕಿದರು.

ಹಳದಿಯಾದ ಬಾಟಲಿ, ಮಂಚದ ಕೆಳಗಿದ್ದ ಗಂಜಿ ತಂಬಿಗೆಗೆ ಹೇಳಿತು: "ಏ ಮುದುಕಿ, ನೀನು ಬಾಯಿ ದಾಟಬೇಕು, ಹೊಟ್ಟೆ ದಾಟಬೇಕು. ನಾನು ನೇರ ರಕ್ತಕ್ಕೇ ಇಳಿಯೋನು! ಈ ಬಣ್ಣವೇ ಇವನ ಬಲ."

"ಇಳಿಯಪ್ಪಾ. ಅವನು ಎದ್ದು ನಿಂತರೆ ಸಾಕು."

ಎರಡು ತಾಸಿಗೆ ಬಾಟಲಿ ಬರಿದಾಯಿತು. ಭರಮಣ್ಣ ತಾನೇ ಎದ್ದು ಹಿತ್ತಲಿಗೆ ಹೋದವನು ಓಡಿ ಬಂದ. "ಡಾಕ್ಟ್ರೇ, ಉಚ್ಚೆ ಅರಿಶಿನದ ನೀರಾಗೈತೆ!"

"ಹೆದರಬೇಡ. ಹೆಚ್ಚಾದ ವಿಟಮಿನ್ ಹೊರಗೆ ಹೋಗಿದೆ, ಅಷ್ಟೇ."

ಬಾಟಲಿ ನಾಚಿ ಮುದುಡಿತು. ತಂಬಿಗೆ ನಕ್ಕಿತು: "ಬಣ್ಣ ಹೋದರೆ ಹೋಯ್ತು ಬಿಡೋ ಮಗನೇ. ಅವನನ್ನು ಎಬ್ಬಿಸಿದ್ದು ನಿನ್ನ ನೀರು."